ಹೊಸೂರನ್ನು ಮಾರಿದವರಾರು? ಟೀಕಾಕಾರರಿಗೆ ನಮ್ಮ ಉತ್ತರ



ಹೊಸೂರು, ದೇನ್ಕಣಿಕೋಟೆ, ತಳಿ, ಅಂಚೆಟ್ಟಿ, ಬಾಗಲೂರು, ಶೂಲಗಿರಿಗಳ ಸುತ್ತಣ ನಮ್ಮ ಹಳ್ಳಿಗಳಲ್ಲಿ ನವೆಂಬರ್ ತಿಂಗಳ ಮೊದಲ ದಿನ ಸಮೀಪಿಸಿತೆಂದರೆ ಒಂದು ಮಾತು ಅರಳಿಕಟ್ಟೆಯಿಂದ ಅರಳಿಕಟ್ಟೆಗೆ ಹಬ್ಬುತ್ತದೆ. 1956ರಲ್ಲಿ ಆಳುತ್ತಿದ್ದ ಕಾಂಗ್ರೆಸ್ಸು ಹೊಸೂರನ್ನು ಮದರಾಸಿಗೆ ಮಾರಿತು, ಬೆಂಗಳೂರಿನ ಮಂತ್ರಿಗಳು ಕೈಕಟ್ಟಿ ಕುಳಿತರು, ದಿಲ್ಲಿಯ ದೊರೆಗಳು ಕಣ್ಣು ಮುಚ್ಚಿದರು ಎಂಬುದೇ ಆ ಮಾತು. ಇದನ್ನು ಆಡುವವರಲ್ಲಿ ಎಡಪಕ್ಷದವರೂ ಇದ್ದಾರೆ, ಬಲಪಕ್ಷದವರೂ ಇದ್ದಾರೆ, ಯಾವ ಪಕ್ಷವೂ ಬೇಡವೆನ್ನುವ ತರುಣರೂ ಇದ್ದಾರೆ.

ನಾವು ಯಾರ ಓಟಿನ ಚೀಟಿಯನ್ನೂ ಹಂಚಹೊರಟವರಲ್ಲ. ಆದರೆ ಲೆಕ್ಕ ಕಲಿಸುವುದು ನಮ್ಮ ಕಸುಬು. ಜಮೆಯ ಬಾಬುಗಳನ್ನೆಲ್ಲ ಅಳಿಸಿ ಖರ್ಚಿನ ಬಾಬುಗಳನ್ನು ಮಾತ್ರ ಓದಿ ಹೇಳುವ ಲೆಕ್ಕವನ್ನು ಸರಿಯೆಂದು ನಾವು ಒಪ್ಪಲಾರೆವು. ಈ ಮಾತಿನಿಂದ ಒಂದು ಪಕ್ಷಕ್ಕೆ ಆಗುವ ಕೆಡುಕಿಗಿಂತ ನಮ್ಮ ಮಕ್ಕಳಿಗೆ ಆಗುವ ಕೆಡುಕು ದೊಡ್ಡದು. ಎಲ್ಲವೂ ಅಂದೇ ಕೈಬಿಟ್ಟು ಹೋಯಿತೆಂದು ನಂಬಿದ ತಂದೆಯು ಜೂನ್ ತಿಂಗಳಲ್ಲಿ ಮಗಳನ್ನು ಕನ್ನಡ ಶಾಲೆಗೆ ಕರೆತರುವುದಿಲ್ಲ. ಆದಕಾರಣ ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡು ವಿಚಾರ ಮಾಡೋಣ.

ಮೊದಲನೆಯ ಆಕ್ಷೇಪ: ನಮ್ಮನ್ನು ಮೈಸೂರಿನಿಂದ ಬೇರ್ಪಡಿಸಿದವರು ಕಾಂಗ್ರೆಸ್ಸಿಗರು ಎಂಬುದು. ಈ ಗಡಿಗೆರೆಯನ್ನು ಎಳೆದವರು ಈಸ್ಟ್ ಇಂಡಿಯಾ ಕಂಪನಿಯವರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನು ಒಳಗೊಂಡ ಬಾರಾಮಹಲು ಕಂಪನಿಯ ವಶವಾಯಿತು. 1799ರಲ್ಲಿ ಟೀಪೂ ಸುಲ್ತಾನನು ಮಡಿದ ಬಳಿಕ ಹೊಸೂರು ಸೀಮೆಯೂ ಅದರೊಡನೆ ಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. ಒಂದೂವರೆ ಶತಮಾನ ನಮ್ಮ ಕಂದಾಯದ ಕಾಗದ, ಕೋರ್ಟಿನ ವ್ಯಾಜ್ಯ, ಕಚೇರಿಯ ಅಹವಾಲು ಎಲ್ಲವೂ ಸೇಲಂ ದಾರಿಯನ್ನೇ ಹಿಡಿದವು. ಅತ್ತಿಬೆಲೆಯ ಸಂತೆಗೆ ನಡೆದೇ ಹೋಗುತ್ತಿದ್ದ ರೈತನು ಅರ್ಜಿ ಕೊಡಲು ಸೇಲಂಗೆ ಹೋಗಬೇಕಾದ ಸ್ಥಿತಿಯನ್ನು ತಂದವರು ಪರಂಗಿಯವರೇ ಹೊರತು 1956ರ ಮಂತ್ರಿಗಳಲ್ಲ. ಹಳೆಯ ಗಾಯವನ್ನು ವಾಸಿಮಾಡಲಾರದವನು ವೈದ್ಯನಾಗಿ ಸೋತಿರಬಹುದು. ಅವನೇ ಕತ್ತಿ ಬೀಸಿದನೆಂದು ಹೇಳುವುದು ನ್ಯಾಯವೆ?

ಎರಡನೆಯ ಆಕ್ಷೇಪ: ಕಾಂಗ್ರೆಸ್ ಸರ್ಕಾರವು ಕನ್ನಡಿಗರಿಗಾಗಿ ಏನನ್ನೂ ಮಾಡಲಿಲ್ಲ ಎಂಬುದು. ಪಟ್ಟಿಯನ್ನು ನೋಡಿರಿ. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿಯೂ ಅದರ ನೆರೆಯ ಕನ್ನಡ ತಾಲ್ಲೂಕುಗಳೂ ಮೈಸೂರಿಗೆ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರುಳ್ಳ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1956ನೆಯ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡಗಳೂ, ಹೈದರಾಬಾದಿನಿಂದ ಗುಲ್ಬರ್ಗ, ರಾಯಚೂರು, ಬೀದರಗಳೂ, ಮದರಾಸಿನಿಂದ ದಕ್ಷಿಣ ಕನ್ನಡವೂ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವೂ, ಇವುಗಳೊಡನೆ ಕೊಡಗೂ ಒಂದೇ ಸೂರಿನಡಿ ಬಂದವು. ನೆಲವನ್ನು ಬಿಟ್ಟುಕೊಡಬೇಕಾಗಿದ್ದ ಮುಂಬಯಿ, ಹೈದರಾಬಾದು, ಮದರಾಸುಗಳಲ್ಲಿ ಆಳುತ್ತಿದ್ದುದೂ ಕಾಂಗ್ರೆಸ್ಸೇ, ಪಡೆದುಕೊಳ್ಳುವ ಮೈಸೂರಿನಲ್ಲಿ ಆಳುತ್ತಿದ್ದುದೂ ಕಾಂಗ್ರೆಸ್ಸೇ. ಅಣ್ಣತಮ್ಮಂದಿರ ಪಾಲಿನಲ್ಲಿಯೇ ತಲೆಗಳು ಒಡೆಯುವುದುಂಟು. ಇಷ್ಟು ದೊಡ್ಡ ಪಾಲು ಒಂದೇ ದಿನದಲ್ಲಿ ನಡೆದುಹೋದದ್ದು ಸಣ್ಣ ಸಂಗತಿಯೆ?

ಹಾಗಾದರೆ ಹೊಸೂರೇಕೆ ಬರಲಿಲ್ಲ? ಇದಕ್ಕೆ ಉತ್ತರವು ಕಹಿಯಾದರೂ ಹೇಳಲೇಬೇಕು. ಆಯೋಗವು ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವೆಂದು ಎಣಿಸಿತು. ತಾಲ್ಲೂಕನ್ನು ಒಡೆದು ಕೊಡಬೇಕಾದರೆ ಅಲ್ಲಿ ಒಂದು ನುಡಿಯವರು ಸ್ಪಷ್ಟವಾದ ಬಹುಸಂಖ್ಯೆಯಲ್ಲಿ ಇರಬೇಕಾಗಿತ್ತು. ಕೊಳ್ಳೇಗಾಲದಲ್ಲಿ ಕನ್ನಡಿಗರು ಹಾಗೆ ಇದ್ದರು. ನಮ್ಮ ಹೊಸೂರು ತಾಲ್ಲೂಕಿನಲ್ಲಾದರೋ ತೆಲುಗು, ಕನ್ನಡ, ತಮಿಳು ಈ ಮೂರರಲ್ಲಿ ಯಾವುದೂ ಅರ್ಧವನ್ನು ಮುಟ್ಟಲಿಲ್ಲ. ಒಂದೇ ಬೀದಿಯಲ್ಲಿ ಮೂರು ನುಡಿಗಳು ನಡೆಯುವ ಊರು ನಮ್ಮದು. ಜನಗಣತಿಯ ಅಂಕಿಗಳು ಎದುರಿಗಿರುವಾಗ ಯಾವ ಪಕ್ಷದ ಮಂತ್ರಿಯು ಯಾವ ಮಂತ್ರವನ್ನು ಪಠಿಸಿ ಅದನ್ನು ಬಹುಸಂಖ್ಯೆಯನ್ನಾಗಿ ಮಾಡಬಲ್ಲವನಾಗಿದ್ದನು? ನಮ್ಮ ನೋವು ನಿಜ. ನೋವು ನಿಜವಾದ ಮಾತ್ರಕ್ಕೆ ದ್ರೋಹವೂ ನಿಜವಾಗುವುದಿಲ್ಲ.

ಮೂರನೆಯ ಆಕ್ಷೇಪ: ಏಕೀಕರಣವು ಜನರ ಹೋರಾಟದ ಫಲ, ಸರ್ಕಾರದ ಕೊಡುಗೆಯಲ್ಲ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. 1920ರ ನಾಗಪುರ ಅಧಿವೇಶನದಲ್ಲಿ ನುಡಿಗೊಂದು ಪ್ರಾಂತ ಸಮಿತಿಯನ್ನು ಒಪ್ಪಿದ ಕಾಂಗ್ರೆಸ್ಸು ಅಧಿಕಾರ ಬಂದ ಮೇಲೆ ಹಿಂಜರಿಯಿತು. 1948ರ ಧರ್ ಆಯೋಗವೂ 1949ರ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿಯವರ ಸಮಿತಿಯೂ ಕಾಲವಲ್ಲವೆಂದು ಹೇಳಿದವು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಪ್ರಾಣವನ್ನೇ ಕೊಡಬೇಕಾಯಿತು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕುಳಿತಾಗ ಹುಬ್ಬಳ್ಳಿಯು ಸಿಡಿದೆದ್ದಿತು. ಈ ತ್ಯಾಗಗಳಿಗೆ ನಾವು ತಲೆಬಾಗುತ್ತೇವೆ. ಬಾಗಿಲನ್ನು ತಟ್ಟಿದ ಕೈ ದೊಡ್ಡದು. ತಟ್ಟಿದ್ದನ್ನು ಕೇಳಿ ಚಿಲಕವನ್ನು ತೆಗೆದ ಕೈಯೂ ಕೈಯೇ.

ಆ ಚಿಲಕವನ್ನು ತೆಗೆಯುವುದೂ ಸುಲಭವಾಗಿರಲಿಲ್ಲ. ಹಳೆಯ ಮೈಸೂರಿನಲ್ಲಿ ಏಕೀಕರಣವನ್ನು ಒಪ್ಪದವರು ಪಕ್ಷದ ಒಳಗೂ ಹೊರಗೂ ಬಹಳ ಮಂದಿ ಇದ್ದರು. ನಮ್ಮ ಅಣೆಕಟ್ಟು, ನಮ್ಮ ವಿದ್ಯುತ್ತು, ನಮ್ಮ ಬೊಕ್ಕಸವನ್ನು ಬಡ ಜಿಲ್ಲೆಗಳೊಡನೆ ಏಕೆ ಹಂಚಿಕೊಳ್ಳಬೇಕೆಂದು ಅವರು ವಾದಿಸಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಈ ಪ್ರವಾಹಕ್ಕೆ ಎದುರಾಗಿ ನಿಂತರು. ರಾಜ್ಯವು ಉದಯಿಸುವ ಮುನ್ನವೇ, 1956ರ ಆಗಸ್ಟಿನಲ್ಲಿ, ಅವರ ಅಧಿಕಾರ ಹೋಯಿತು. ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪನವರು. ತಾನು ಕಟ್ಟಿದ ಮನೆಯಲ್ಲಿ ತಾನು ವಾಸಿಸದೆ ಹೋದವನನ್ನು ಸ್ವಾರ್ಥಿಯೆಂದು ಕರೆಯುವವರ ನಾಲಿಗೆಗೆ ಏನೆನ್ನೋಣ?

ನಾಲ್ಕನೆಯ ಆಕ್ಷೇಪ: ಮದರಾಸಿನ ಕಾಂಗ್ರೆಸ್ ಸರ್ಕಾರವು ನಮ್ಮನ್ನು ಮಲಮಕ್ಕಳಂತೆ ಕಂಡಿತು ಎಂಬುದು. 1956ರ ಕೊನೆಯಲ್ಲಿ ತಮಿಳನ್ನು ಆಡಳಿತ ಭಾಷೆಯೆಂದು ಶಾಸನ ಮಾಡಿದಾಗ ನಮ್ಮ ಹಳ್ಳಿಯವನಿಗೆ ಕಚೇರಿಯ ಕಾಗದವು ಭಾರವಾದದ್ದು ಹೌದು. ಆದರೆ ಅದೇ ಸರ್ಕಾರದ ಇನ್ನೊಂದು ಮುಖವನ್ನೂ ನೋಡಬೇಕು. ನಮ್ಮ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಮುಖ್ಯಮಂತ್ರಿಗಳಾಗಿದ್ದಾಗ 1953ರಲ್ಲಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆತನದ ಕಸುಬು ಎಂಬ ಯೋಜನೆಯನ್ನು ತಂದರು. ಕುರಿ ಕಾಯುವವನ ಮಗನು ಕುರಿಯನ್ನೇ ಕಾಯಲಿ ಎಂಬುದೇ ಇದರ ಅರ್ಥವೆಂದು ನಾಡು ಕೂಗಿತು. 1954ರಲ್ಲಿ ಅದೇ ಪಕ್ಷದ ಕಾಮರಾಜರು ಅಧಿಕಾರಕ್ಕೆ ಬಂದು ಆ ಯೋಜನೆಯನ್ನು ಕೈಬಿಟ್ಟರು. ತನ್ನ ತಪ್ಪನ್ನು ತಾನೇ ತಿದ್ದುವ ಪಕ್ಷವು ದಿನವೂ ಕಾಣಸಿಗುವುದಿಲ್ಲ. 1956ರಲ್ಲಿ ಕಾಮರಾಜರ ಸರ್ಕಾರವು ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ತೊಡಗಿಸಿತು. ರಾಗಿಯ ಅಂಬಲಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ಬಡವರ ಮಕ್ಕಳು ಅನ್ನದ ಆಸೆಗಾದರೂ ಶಾಲೆಯ ಹೊಸ್ತಿಲನ್ನು ತುಳಿದರು. ಆ ಎಲೆಯ ಮೇಲೆ ಬಡಿಸಿದ ಅನ್ನಕ್ಕೆ ತಮಿಳು, ಕನ್ನಡ, ತೆಲುಗು ಎಂಬ ಭೇದವಿರಲಿಲ್ಲ. ಕೃಷ್ಣಗಿರಿಯ ಬಳಿ ದಕ್ಷಿಣ ಪಿನಾಕಿನಿಗೆ ಜಲಾಶಯವನ್ನು ಕಟ್ಟಿದ್ದೂ ಆ ಸರ್ಕಾರದ ಕಾಲದಲ್ಲಿಯೇ. ಅದರ ಕಾಲುವೆಯ ನೀರು ಗದ್ದೆಯವನ ಮಾತೃಭಾಷೆಯನ್ನು ಕೇಳಿ ಹರಿಯಲಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರೋಣ. ಟೀಕಾಕಾರರು ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಕನ್ನಡ ರಾಜ್ಯದ ಹೊರಗೆ ಉಳಿದ ದಿನವಾದ 1956ರ ನವೆಂಬರ್ 1ರಂದೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದರಿಂದ 350ಎ ಮತ್ತು 350ಬಿ ಎಂಬ ಎರಡು ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಶ್ರಮಿಸತಕ್ಕದ್ದೆಂದು ಮೊದಲನೆಯದು ಹೇಳುತ್ತದೆ. ಈ ರಕ್ಷಣೆಗಳು ನಡೆಯುತ್ತಿವೆಯೇ ಎಂದು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸುವ ವಿಶೇಷಾಧಿಕಾರಿಯನ್ನು ಎರಡನೆಯದು ನೇಮಿಸುತ್ತದೆ. ಇದಕ್ಕೂ ಮೊದಲೇ, 1949ರ ಆಗಸ್ಟಿನಲ್ಲಿ, ಪ್ರಾಂತಗಳ ವಿದ್ಯಾಮಂತ್ರಿಗಳು ಕೂಡಿ ಒಂದು ನಿಯಮವನ್ನು ಒಪ್ಪಿದ್ದರು: ಶಾಲೆಯಲ್ಲಿ ಒಂದು ನುಡಿಯ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ನುಡಿಯಲ್ಲಿ ಕಲಿಸುವ ಉಪಾಧ್ಯಾಯನನ್ನು ಕೊಡತಕ್ಕದ್ದು. ಗಡಿಯ ಆಚೆ ಉಳಿದವರನ್ನು ಮಾರಿಬಿಡುವ ಎಣಿಕೆ ಇದ್ದವರು ಇಂತಹ ಬೇಲಿಯನ್ನು ಅವರ ಸುತ್ತ ಕಟ್ಟಿಕೊಡುವರೆ?

ನಾವು ಆ ಪಕ್ಷದ ದೋಷಗಳನ್ನು ಮುಚ್ಚಿಡುವವರಲ್ಲ. ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡು ಮೈಸೂರಿಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ವರದಿ ಮಾಡಿದ ಮೇಲೂ ಅದನ್ನು ಜಾರಿಗೆ ತರದೆ ಬಿಟ್ಟದ್ದು ದೊಡ್ಡ ಲೋಪ. ಆದರೆ ಟೀಕಾಕಾರರ ಸರದಿಯೂ ಬಂದು ಹೋಗಿದೆಯಲ್ಲವೆ? 1967ರಿಂದ ಮದರಾಸಿನಲ್ಲಿ ದ್ರಾವಿಡ ಪಕ್ಷಗಳು ಆಳುತ್ತ ಬಂದವು. 1977ರಲ್ಲಿ ದಿಲ್ಲಿಯಲ್ಲಿಯೂ 1983ರಲ್ಲಿ ಬೆಂಗಳೂರಿನಲ್ಲಿಯೂ ಬೇರೆ ಪಕ್ಷಗಳು ಗದ್ದುಗೆ ಏರಿದವು. ಹೊಸೂರಿನ ಗಡಿಯು ಕನ್ನಡದ ಕಡೆಗೆ ಒಂದು ಮಾರಾದರೂ ಸರಿಯಿತೆ? ಹೊಸೂರಿಗೆ ಕಾರ್ಖಾನೆಗಳು ಬಂದದ್ದು 1967ರ ಬಳಿಕ. ಆ ಶ್ರೇಯಸ್ಸು ಆ ಸರ್ಕಾರಗಳಿಗೇ ಸಲ್ಲಲಿ. ಆದರೆ 2006ರಲ್ಲಿ ತಮಿಳು ಕಲಿಕೆಯ ಕಾಯಿದೆಯನ್ನು ತಂದು, ಒಂದನೆಯ ತರಗತಿಯಿಂದಲೇ ತಮಿಳನ್ನು ಮೊದಲ ಭಾಷೆಯಾಗಿ ಕಡ್ಡಾಯಗೊಳಿಸಿದ್ದೂ ಅಂಥ ಒಂದು ಸರ್ಕಾರವೇ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ವಿನಾಯಿತಿಗಾಗಿ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. 1949ರ ನಿಯಮವೂ 1956ರ ವಿಧಿಯೂ ಇಂತಹ ಇಕ್ಕಟ್ಟಿನ ದಿನಗಳಿಗಾಗಿಯೇ ಹುಟ್ಟಿದವು.

ಬಂಧುಗಳೇ, ನೆಲದ ಪಾಲು ನಮ್ಮ ಕೈಯಲ್ಲಿಲ್ಲ. ಹತ್ತು ಹೆಸರುಗಳ ಪಟ್ಟಿ ನಮ್ಮ ಕೈಯಲ್ಲಿದೆ. ತರಗತಿಯಲ್ಲಿ ಕನ್ನಡದ ಮಕ್ಕಳು ಒಂಬತ್ತಾದರೆ ಅಧಿಕಾರಿಯು ಕೈಯೆತ್ತುತ್ತಾನೆ. ಹತ್ತಾದರೆ ಅವನು ಉತ್ತರ ಹೇಳಬೇಕಾಗುತ್ತದೆ. ಉಪಾಧ್ಯಾಯರು ನಿವೃತ್ತರಾದ ಶಾಲೆಗೆ ಬದಲಿ ಬಾರದಿದ್ದರೆ ತಂದೆತಾಯಿಗಳು ಕೂಡಿ ಬರೆದು ಕೊಡಲಿ. ಅರ್ಜಿಯಲ್ಲಿ ಮಕ್ಕಳ ಹೆಸರು, ತರಗತಿ, ಮಾತೃಭಾಷೆ, 350ಎ ವಿಧಿ ಇವಿಷ್ಟನ್ನೂ ಕಾಣಿಸಲಿ. ಉತ್ತರ ಬಾರದಿದ್ದರೆ ಅದೇ ಅರ್ಜಿಯ ನಕಲು ದಿಲ್ಲಿಯ ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗೆ ಹೋಗಲಿ. ಕೊಟ್ಟ ಹಕ್ಕನ್ನು ಕೇಳದೆ ಕುಳಿತು, ಕೊಟ್ಟವನನ್ನು ಬಯ್ಯುವುದು ಉತ್ತ ಹೊಲಕ್ಕೆ ಬೀಜ ಹಾಕದೆ ಮಳೆಯನ್ನು ಶಪಿಸಿದಂತೆ.

ಹೊಸೂರನ್ನು ಯಾರೂ ಮಾರಲಿಲ್ಲ. ಆದರೆ ನಮ್ಮ ಕನ್ನಡ ಶಾಲೆಗಳನ್ನು ನಾವೇ ಬರಿದಾಗಿಸಿದೆವಾದರೆ ಮುಂದಿನವರು ಇದೇ ಪ್ರಶ್ನೆಯನ್ನು ಕೇಳಿಯಾರು. ಅಂದು ಉತ್ತರದಲ್ಲಿ ಬರುವ ಹೆಸರು ಯಾವ ಪಕ್ಷದ್ದೂ ಆಗಿರದು.