ಗುಂಗುರು ಕೂದಲು ದೋಷವಲ್ಲ

ದಕ್ಷಿಣ ಆಫ್ರಿಕದಲ್ಲಿ 1950ರಲ್ಲಿ, ಪ್ರಜೆಗಳನ್ನೆಲ್ಲ ಜನಾಂಗವಾರು ವಿಂಗಡಿಸಿ ದಾಖಲು ಮಾಡಬೇಕೆಂಬ ಶಾಸನವೊಂದು ಜಾರಿಗೆ ಬಂದಿತು. ಇಂಥವನು ಬಿಳಿಯನೊ ಅಲ್ಲವೊ ಎಂಬ ಸಂದೇಹ ಬಂದಾಗ ಅಧಿಕಾರಿಗಳು ಕೆಲವೊಮ್ಮೆ ಅವನ ಕೂದಲಿನೊಳಗೆ ಪೆನ್ಸಿಲೊಂದನ್ನು ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲು ಜಾರಿ ಬಿದ್ದರೆ ಬಿಳಿಯ, ನಿಂತರೆ ಅಲ್ಲ. ಎಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಓದಬೇಕು ಎಂಬುದೆಲ್ಲ ಈ ವಿಂಗಡಣೆಯನ್ನೇ ಅವಲಂಬಿಸಿದ್ದಿತು! ಶಾಸನವು 1991ರಲ್ಲಿ ರದ್ದಾಯಿತು. ಅದರ ಹಿಂದಿದ್ದ ಮನೋಭಾವ ಮಾತ್ರ ಹೋಗಲಿಲ್ಲ. 2016ರಲ್ಲಿ ಪ್ರಿಟೋರಿಯ ನಗರದ ಬಾಲಿಕಾ ಪ್ರೌಢಶಾಲೆಯೊಂದರ ಕರಿಯ ವಿದ್ಯಾರ್ಥಿನಿಯರು, ತಮ್ಮ ಕೂದಲನ್ನು ಅದು ಬೆಳೆದಂತೆಯೇ ಬಿಟ್ಟುಕೊಳ್ಳುವ ಹಕ್ಕಿಗಾಗಿ ಪ್ರತಿಭಟಿಸಬೇಕಾಯಿತು.

ಈ ಕೂದಲಿನಲ್ಲಿ ದೋಷವೇನಾದರೂ ಉಂಟೆ? ಇಲ್ಲವೆಂದು ನಾವು ನಿಸ್ಸಂಶಯವಾಗಿ ಹೇಳುತ್ತೇವೆ. ಯಾರ ಕೂದಲೇ ಆಗಲಿ, ಅದು ಮುಖ್ಯವಾಗಿ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಭೇದವಿರುವುದು ಆಕಾರದಲ್ಲಿ. ಕೂದಲು ಹುಟ್ಟುವ ಕೇಶಕೂಪವು ಚರ್ಮದೊಳಗೆ ನೆಟ್ಟಗಿದ್ದರೆ ಕೂದಲೂ ನೆಟ್ಟಗೆ ಬೆಳೆಯುವುದು; ಬಾಗಿದ್ದರೆ ಸುರುಳಿಯಾಗುವುದು. ಸುರುಳಿಗೂದಲನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗಿರದೆ ಚಪ್ಪಟೆಯಾಗಿ, ಅಂಡಾಕಾರವಾಗಿ ಕಾಣುತ್ತದೆ.

ಸುರುಳಿಗೆ ಪ್ರಯೋಜನವೂ ಉಂಟು. ಟೀನಾ ಲಸಿಸಿ, ನೀನಾ ಜಬ್ಲಾನ್‌ಸ್ಕಿ ಮೊದಲಾದ ವಿಜ್ಞಾನಿಗಳು, ದೇಹದಂತೆ ಬೆಚ್ಚಗಿರುವ ಬೊಂಬೆಯೊಂದಕ್ಕೆ ಮನುಷ್ಯರ ಕೂದಲಿನ ಬಗೆಬಗೆಯ ಟೋಪನ್‌ಗಳನ್ನು ತೊಡಿಸಿ, ಬಿಸಿಲಿನಂಥ ಪ್ರಖರ ದೀಪಗಳ ಕೆಳಗಿಟ್ಟು ಪರೀಕ್ಷಿಸಿದರು. ಎಲ್ಲ ಬಗೆಯ ಕೂದಲೂ ತಲೆಗೆ ತಗಲುವ ಬಿಸಿಲಿನ ತಾಪವನ್ನು ತಗ್ಗಿಸಿತು. ಎಲ್ಲಕ್ಕಿಂತ ಹೆಚ್ಚಾಗಿ ತಗ್ಗಿಸಿದುದು ಬಿಗಿಯಾದ ಗುಂಗುರು ಕೂದಲು. 2023ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಸಮಭಾಜಕದ ಉರಿಬಿಸಿಲಿನಲ್ಲಿ, ಬೆವರಿಗೆ ಹೆಚ್ಚು ನೀರನ್ನು ವ್ಯಯಿಸದೆ ಮಿದುಳನ್ನು ತಂಪಾಗಿಡಲು ನಮ್ಮ ಪೂರ್ವಜರಿಗೆ ಇದು ನೆರವಾಗಿದ್ದಿರಬೇಕೆಂಬುದು ಅವರ ಊಹೆ. ಕೊಡೆಯನ್ನು ತಲೆಯ ಮೇಲೆಯೇ ಬೆಳೆಸಿಕೊಂಡಂತಾಯಿತು!

ಇಂಥ ಕೂದಲನ್ನು ನೆಟ್ಟಗೆ ಮಾಡುವುದು ಹೇಗೆ? ಕೆರಾಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿದಿರುವ ಗಂಧಕದ ಬಂಧಗಳನ್ನು ಮುರಿಯಬೇಕು. ಅದಕ್ಕಾಗಿ ಬಳಸುವ ಲೇಪನಗಳಲ್ಲಿ ಹಲವಕ್ಕೆ ಮೂಲ ಕಾಸ್ಟಿಕ್ ಸೋಡ. ಪ್ರಯೋಗಶಾಲೆಯಲ್ಲಿ ಬೆರಳಿಗೆ ತಾಕಿದರೆ ಕೂಡಲೇ ತೊಳೆದುಕೊಳ್ಳಿರೆಂದು ಅಧ್ಯಾಪಕರು ಎಚ್ಚರಿಸುವ ವಸ್ತುವೇ ಇದು. ನೆತ್ತಿ ಸುಡುವುದುಂಟು, ಕೂದಲು ತುಂಡಾಗುವುದುಂಟು. ಬುಡದಲ್ಲಿ ಹೊಸದಾಗಿ ಬರುವ ಕೂದಲು ಮತ್ತೆ ಗುಂಗುರೇ ಆದುದರಿಂದ ಕೆಲವೇ ವಾರಗಳಿಗೊಮ್ಮೆ ಈ ಕಷ್ಟ ತಪ್ಪದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 33,497 ಮಂದಿ ಸ್ತ್ರೀಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಕೂದಲನ್ನು ನೆಟ್ಟಗೆ ಮಾಡುವ ದ್ರವ್ಯಗಳನ್ನು ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡ 1.64, ಮೇಲಿಂದಮೇಲೆ ಬಳಸಿದವರಲ್ಲಿ ಶೇಕಡ 4.05. ದ್ರವ್ಯಗಳೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೆ ಬಳಸಿದವರಲ್ಲಿ ಸುಮಾರು ಶೇಕಡ 60ರಷ್ಟು ಮಂದಿ ಕರಿಯ ಸ್ತ್ರೀಯರೆಂಬುದನ್ನು ಮರೆಯಲಾಗದು. ಶಾಲೆಗೂ ಕಚೇರಿಗೂ ಒಪ್ಪುವಂತೆ ಕಾಣಬೇಕೆಂಬ ಒತ್ತಾಯ ಇಂಥ ಅಪಾಯವನ್ನು ತಂದೊಡ್ಡುವುದಾದರೆ, ತಿದ್ದಬೇಕಾದುದು ಆ ನಿಯಮವನ್ನೇ. 2019ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಸಹಜ ಕೂದಲಿನ ಕಾರಣದಿಂದ ಭೇದವೆಣಿಸುವುದನ್ನು ಕಾನೂನಿನಿಂದಲೇ ನಿಷೇಧಿಸಿತು.

ಹಾಗೆಂದು ಆರೈಕೆ ಬೇಡವೆಂದಲ್ಲ. ನೆತ್ತಿಯಲ್ಲಿ ಒಸರುವ ಜಿಡ್ಡು ನೆಟ್ಟನೆಯ ಕೂದಲಿನ ಮೇಲೆ ಸುಲಭವಾಗಿ ಇಳಿಯುತ್ತದೆ. ಸುರುಳಿಯ ತಿರುವುಗಳಲ್ಲಿ ಇಳಿಯಲಾರದು. ಆದುದರಿಂದ ಕೂದಲು ಒಣಗಿ, ತಿರುವುಗಳಲ್ಲೇ ಮುರಿಯುವುದು. ನಿತ್ಯವೂ ಸೋಪು ಹಚ್ಚಬಾರದು. ತೇವ ಮಾಡಿ, ಸ್ವಲ್ಪ ಎಣ್ಣೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿಯ ಸಿಕ್ಕನ್ನು ಬಿಡಿಸಿ, ಆಮೇಲೆ ಬುಡದತ್ತ ಸಾಗಬೇಕು. ಜಡೆಯನ್ನು ತೀರ ಬಿಗಿಯಾಗಿ ಹೆಣೆದರೆ ಹಣೆಯಂಚಿನ ಕೂದಲು ಉದುರುತ್ತದೆ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸುತ್ತ ತಲೆಮಾರುಗಳಿಂದ ನೆಲೆಸಿರುವ ಸಿದ್ದಿ ಜನರೂ ಆಫ್ರಿಕ ಮೂಲದವರೇ. ಅವರ ಮಕ್ಕಳೂ ನಮ್ಮ ಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದುತ್ತಾರೆ. ಚರ್ಮದ ಪಾಠಕ್ಕೆ ಕಪ್ಪು ಹಲಗೆಯ ಮೇಲೆ ಬರೆಯುವ ಚಿತ್ರದಲ್ಲಿ ಕೇಶಕೂಪ ಸಾಮಾನ್ಯವಾಗಿ ನೆಟ್ಟಗೇ ಇರುತ್ತದೆ. ಅದರ ಪಕ್ಕದಲ್ಲಿ ಬಾಗಿದ ಕೂಪವೊಂದನ್ನೂ ಬರೆದು ತೋರಿಸಿರೆಂದು ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರನ್ನು ಕೇಳಬೇಕೆಂದು ನಾವು ಬಯಸುತ್ತೇವೆ.