ಊರಿನ ತೆರಿಗೆ, ಊರಿನ ಶಾಲೆ

ಮಕ್ಕಳ ಓದಿನ ಖರ್ಚು ಯಾರು ಹೊರಬೇಕು? ಅಮೆರಿಕದ ಸಾರ್ವಜನಿಕ ಶಿಕ್ಷಣದ ಹಿರಿಮೆಯೂ ಕಳಂಕವೂ ಈ ಒಂದು ಪ್ರಶ್ನೆಗೆ ಅಲ್ಲಿನವರು ಕೊಟ್ಟ ಉತ್ತರದಲ್ಲಿವೆ ಎಂದು ನನಗನಿಸುತ್ತದೆ.

1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಒಂದು ಕಾನೂನು ಮಾಡಿತು. ಐವತ್ತು ಮನೆಗಳಿರುವ ಊರು ಓದುಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ನೇಮಿಸಬೇಕು, ನೂರು ಮನೆಗಳಾದರೆ ಗ್ರಾಮರ್ ಶಾಲೆ ತೆರೆಯಬೇಕು. ಬೈಬಲ್ ಓದಲಾರದವರನ್ನು ಸೈತಾನ ಸುಲಭವಾಗಿ ವಂಚಿಸುತ್ತಾನೆ ಎಂಬ ಭಯ ಅದರ ಹಿಂದಿತ್ತು. ಸಂಬಳವನ್ನು ಹೆತ್ತವರೇ ಕೊಡಲಿ, ಊರವರೆಲ್ಲ ಸೇರಿ ಕೊಡಲಿ, ಹೊಣೆ ಮಾತ್ರ ಊರಿನದು. 1785ರ ಭೂಶಾಸನ ಪಶ್ಚಿಮದ ನೆಲವನ್ನು ಟೌನ್‌ಶಿಪ್‌ಗಳಾಗಿ ಅಳೆದು, ಒಂದೊಂದರ 36 ಭಾಗಗಳಲ್ಲಿ 16ನೆಯದನ್ನು ಶಾಲೆಗೆಂದು ಮೀಸಲಿಟ್ಟಿತು. ಆ ನೆಲ ಮೂಲನಿವಾಸಿಗಳಿಂದ ಕಸಿದದ್ದು ಎಂಬುದನ್ನೂ ಇಲ್ಲೇ ಹೇಳಬೇಕು.

ಮಕ್ಕಳಿಲ್ಲದ ಆಸ್ತಿವಂತ ಪರರ ಮಕ್ಕಳ ಶಾಲೆಗೆ ತೆರಿಗೆ ಏಕೆ ಕಟ್ಟಬೇಕು? 1837ರಲ್ಲಿ ಮ್ಯಾಸಚೂಸೆಟ್ಸ್ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಹೊರೇಸ್ ಮ್ಯಾನ್ ಇದಕ್ಕೆ ಉತ್ತರ ಹುಡುಕಿದರು. ಆಸ್ತಿ ಇಂದಿನ ಒಡೆಯನೊಬ್ಬನದಲ್ಲ, ಮುಂದಿನ ತಲೆಮಾರಿನ ಪಾಲೂ ಅದರಲ್ಲಿದೆ ಎಂಬುದು ಅವರ ವಾದ. ಇದಕ್ಕಿಂತ ಗಟ್ಟಿಯಾದ ಸಮರ್ಥನೆಯನ್ನು ನಾನು ಕಂಡಿಲ್ಲ. 1852ರಲ್ಲಿ ಅದೇ ರಾಜ್ಯ ಶಾಲಾ ಹಾಜರಿಯನ್ನು ಕಡ್ಡಾಯ ಮಾಡಿತು. 1918ರಲ್ಲಿ ಮಿಸಿಸಿಪ್ಪಿ ಮಾಡುವ ಹೊತ್ತಿಗೆ ಎಲ್ಲ ರಾಜ್ಯಗಳೂ ಆ ದಾರಿಗೆ ಬಂದಿದ್ದವು.

ಆದರೆ ತೆರಿಗೆ ಹಾಕುವ ಅಧಿಕಾರ ಊರಿನದಾದರೆ ಹಾಕದೆ ಬಿಡುವ ಅಧಿಕಾರವೂ ಊರಿನದೇ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅಲ್ಲಿನ ಕಪ್ಪು ಮಕ್ಕಳ ಮೋಟನ್ ಹೈಸ್ಕೂಲಿನಲ್ಲಿ ಜಾಗ ಸಾಲದೆ ಟಾರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ನಡೆಯುತ್ತಿತ್ತು. 1951ರಲ್ಲಿ ಹದಿನಾರರ ಹುಡುಗಿ ಬಾರ್ಬರಾ ಜಾನ್ಸ್ ಮುಂದಾಳಾಗಿ ಮಕ್ಕಳು ಮುಷ್ಕರ ಹೂಡಿದರು. ಅದರಿಂದ ಹುಟ್ಟಿದ ಮೊಕದ್ದಮೆ, ಬಣ್ಣದ ಆಧಾರದ ಪ್ರತ್ಯೇಕ ಶಾಲೆಗಳನ್ನು ಅಸಾಂವಿಧಾನಿಕವೆಂದ 1954ರ ಬ್ರೌನ್ ತೀರ್ಪಿನಲ್ಲಿ ಸೇರಿತು. ಒಟ್ಟಿಗೆ ಕೂರಿಸಿ ಎಂಬ ಆದೇಶ ಬಂದಾಗ ಕೌಂಟಿಯ ಆಡಳಿತ 1959ರಲ್ಲಿ ಶಾಲಾ ತೆರಿಗೆಯನ್ನೇ ನಿಲ್ಲಿಸಿತು. ಸಾರ್ವಜನಿಕ ಶಾಲೆಗಳಿಗೆ ಬೀಗ ಬಿತ್ತು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ಬೇರೆ ಊರಿನ ನೆಂಟರ ಮನೆ ಸೇರಿದರು, ಎಷ್ಟೋ ಮಕ್ಕಳ ಓದು ಅಲ್ಲಿಗೇ ನಿಂತಿತು. ಐದು ವರ್ಷಗಳ ಬಳಿಕ, 1964ರಲ್ಲಿ, ಸುಪ್ರೀಂ ಕೋರ್ಟು ಬೀಗ ತೆಗೆಸಿತು.

ದ್ವೇಷವಿಲ್ಲದ ಕಡೆಯೂ ಊರಿನ ತೆರಿಗೆ ಬೇಲಿಯಾಗುತ್ತದೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ, 1960ರ ದಶಕದ ಕೊನೆಯಲ್ಲಿ, ಎಡ್ಜ್‌ವುಡ್‌ನ ಬಡವರು ಹೆಚ್ಚಿನ ದರದಲ್ಲಿ ಆಸ್ತಿ ತೆರಿಗೆ ಕಟ್ಟಿದರೂ ಮಗುವೊಂದಕ್ಕೆ ಒದಗಿದ್ದು 26 ಡಾಲರ್. ಅದೇ ಪ್ರದೇಶದ ಸಿರಿವಂತ ಅಲಾಮೊ ಹೈಟ್ಸ್‌ನಲ್ಲಿ ಕಡಿಮೆ ದರಕ್ಕೇ 333 ಡಾಲರ್ ಕೂಡಿತು. ಮ್ಯಾನ್ ಅವರ ವಾದವನ್ನು ನಿಜವಾಗಿ ನಂಬುವುದಾದರೆ ಆ ಹಣ ಬಡಾವಣೆಯ ಗಡಿಯಲ್ಲಿ ನಿಲ್ಲಬಾರದು, ಇಡೀ ರಾಜ್ಯದ ಮಕ್ಕಳಿಗೆ ಹಂಚಿಕೆಯಾಗಬೇಕು. ಎಡ್ಜ್‌ವುಡ್‌ನ ಹೆತ್ತವರು ನ್ಯಾಯ ಕೇಳಿದರು. 1973ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅವರ ವಿರುದ್ಧ, ನಾಲ್ವರು ಅವರ ಪರ ನಿಂತರು. ಆ ತೀರ್ಪು ಇಂದಿಗೂ ಬದಲಾಗಿಲ್ಲ.