ಕಾಲಾಳಿನ ಬೆಲೆ

ಚದುರಂಗದಲ್ಲಿ ಮೊದಲು ಬಲಿಯಾಗುವುದು ಕಾಲಾಳೆಂದು ಅದನ್ನು ಹಗುರವಾಗಿ ಕಾಣುವವರುಂಟು. ನಾವು ಒಪ್ಪುವುದಿಲ್ಲ. ಕಾಲಾಳುಗಳೇ ಆಟದ ಪ್ರಾಣವೆಂದು ಫ್ರಾನ್ಸಿನ ಫಿಲಿಡೋರ್ 1749ರಲ್ಲಿಯೇ ಬರೆದಿದ್ದಾನೆ. ಹಿಂದೆ ಓರೆಯಲ್ಲಿ ಇನ್ನೊಂದು ಕಾಲಾಳು ಕಾವಲಿದ್ದರೆ ಮುಂದಿನದನ್ನು ಕಡಿಯಲು ಮಂತ್ರಿಯೂ ಹಿಂಜರಿಯುತ್ತಾನೆ. ಒಂಟಿಯಾದದ್ದು ಎಲ್ಲರಿಗೂ ತುತ್ತು. ಹಿಂದಕ್ಕೆ ಸರಿಯಲು ಬಾರದ ಕಾಯಿಯೂ ಅದೊಂದೇ. ಅವಸರದ ಹೆಜ್ಜೆಯನ್ನು ಮರಳಿ ಪಡೆಯುವಂತಿಲ್ಲ. ನಮ್ಮ ಹಳೆಯ ದೇಸಿ ಆಟದಲ್ಲಿ ಕೊನೆಯ ಸಾಲು ಮುಟ್ಟಿದ ಕಾಲಾಳಿಗೆ ಆ ಮನೆಯ ಕಾಯಿಯ ಪದವಿ!

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಜೊತೆಗೂಡಿದವರೂ ಹಳ್ಳಿಯ ರೈತರೇ. ಹಿರೇಬೆಂಡಿಗೇರಿ ಸುತ್ತಿನ ಎರಡೆಕರೆ ತೋಟದವರು ಇನ್ನೂ ಒಬ್ಬೊಬ್ಬರೇ ಹಸಿಗೊನೆಯನ್ನು ಚೇಣಿಗೆ ಕೊಡುತ್ತಿದ್ದೇವೆ, ದರ ಕೇಳುವ ಮೊದಲೇ ಮುಂಗಡ ಹಿಡಿದು. ಈ ಸಲ ಮುಂಗಡಕ್ಕೆ ಕೈಯೊಡ್ಡುವ ಮುನ್ನ ಬದುವಿನಾಚೆಯವರನ್ನು ಒಂದು ಮಾತು ಕೇಳಿರಿ.